ಔಷಧಿ ಕಿಟಕಿಯ ಹೊರಗೊಂದು ಸ್ಟೂಲು

ಚೌಳಹಿರಿಯೂರು ಕಡೆಯ ಮೊದಲ ಬಸ್ಸು ಇನ್ನೂ ಬಂದಿಲ್ಲ. ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಅತೀಯಾ ಆಗಲೇ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಇಲ್ಲಿ ಔಷಧಿ ಕೊಡುವವರು ಅವರು; ಕೂರಬೇಕಾದ ಜಾಗ ಒಳಗೆ, ಕಿಟಕಿಯ ಹಿಂದೆ. ಎದುರಿಗೆ ಹಿಟ್ಟಿನ ಗಿರಣಿಯ ಚೌಡಪ್ಪ, ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಬೆಳಗಿನ ಜಾವ ಉಬ್ಬಸ ಕೆರಳಿ ಆಟೊ ಹಿಡಿದು ಓಡಿಬಂದವರಿಗೆ ನರ್ಸ್ ಈಗಷ್ಟೇ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಇಟ್ಟು ಕಳಿಸಿದ್ದಾರೆ.

“ದೊಡ್ಡಾಸ್ಪತ್ರೇಲಿ ಬರ್ದಿರೋ ಕ್ಯಾಪ್ಸೂಲು ಹೆಂಗ್ ತಗೊಂತೀರಿ ಚೌಡಣ್ಣ? ಒಂದ್ಸಲ ತೋರ್ಸಿ.”

ಚೌಡಪ್ಪ ಜೇಬಿನಿಂದ ಪುಟ್ಟ ಇನ್‌ಹೇಲರ್ ತೆಗೆಯುತ್ತಾರೆ. ಅದರ ತೂತಿನಲ್ಲಿ ಜೋಪಾನವಾಗಿ ಸಿಕ್ಕಿಸಿದ್ದ ಕ್ಯಾಪ್ಸೂಲನ್ನು ಎಳೆದು ಬಾಯಿಗೆ ಹಾಕಿಕೊಂಡು, ನೀರಿಗೆಂದು ಹೆಂಡತಿ ತೀರ್ಥಮ್ಮನತ್ತ ಕೈ ಚಾಚುತ್ತಾರೆ.

“ಉಗೀರಿ, ಉಗೀರಿ! ಅದು ನುಂಗೋದಲ್ಲ ಕಣ್ರೀ, ಒಳಗಿನ ಪುಡೀನ ಉಸಿರಲ್ಲಿ ಎಳ್ಕೊಳ್ಳೋದು!”

“ಈ ಡಬ್ಬಿ ಮಾತ್ರೆ ಇಟ್ಕಳಕ್ಕೆ ಕೊಟ್ಟವ್ರೆ ಅನ್ಕಂಡಿದ್ದೆ ಕಣಕ್ಕ” ಎಂದು ಚೌಡಪ್ಪ ತಲೆ ತಗ್ಗಿಸುತ್ತಾರೆ.

“ಎರಡು ತಿಂಗ್ಳಿಂದ ಕಾಫಿ ಜತೆ ನುಂಗ್ತಾವ್ರೆ. ಗಿರಣಿ ಮುಚ್ಬೇಕು ಅನ್ನೋಗಂಟ ಬಂದೈತೆ” ಎನ್ನುತ್ತಾರೆ ತೀರ್ಥಮ್ಮ. ಅತೀಯಾರ ಕೆಲಸ ನೋಡಿ ಬರೆಯಲೆಂದು ಬಂದಿದ್ದ ನನಗೆ ನಗು ಬಂತು. ಅತೀಯಾ ನಗಲಿಲ್ಲ, ನನಗೆ ನಾಚಿಕೆಯಾಯಿತು.

ಅತೀಯಾ ತರೀಕೆರೆಯವರು. ತಂದೆ ಅಬ್ದುಲ್ ಮಜೀದ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದರು. ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟ ಮನುಷ್ಯ ಉಬ್ಬಸದಿಂದ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರಂತೆ. “ಇನ್‌ಹೇಲರ್, ಅದೇ ಪಂಪು, ಬರ್ಕೊಟ್ರು. ಪಂಪು ಅಂದ್ರೆ ಕೊನೇಗಾಲ ಬಂತು ಅಂತ ಅಬ್ಬಾ ಅದನ್ನ ಅಲಮಾರಿಯಿಂದ ಈಚೆಗೇ ತೆಗೀಲಿಲ್ಲ” ಎನ್ನುವಾಗ ಅವರ ದನಿ ಇಳಿಯುತ್ತದೆ.

ಈ ಕೆಲಸಕ್ಕೆ ಸೇರಿದಾಗಿನಿಂದ ಅವರು ಕಂಡಂತೆ, ಒಂದೇ ಉಬ್ಬಸಕ್ಕೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಚೀಟಿ. ಹಳ್ಳಿಯಲ್ಲಿ ಮಾತ್ರೆ, ಸಿರಪ್ಪು, ತಾಲ್ಲೂಕಿನಲ್ಲಿ ನೆಬ್ಯುಲೈಸರ್, ಅದಕ್ಕೂ ಮೇಲೆ ಹೋದರೆ ಇನ್‌ಹೇಲರ್. ಈಗೀಗ ಇನ್‌ಹೇಲರ್ ಇವರ ಕಪಾಟಿಗೂ ಬರುತ್ತಿದೆ. ಕಪಾಟಿಗೆ ಬಂದಿದ್ದು ಎದೆಗೆ ಇಳಿಯಬೇಕಲ್ಲ! ದಿನಕ್ಕೆ ನೂರರಷ್ಟು ಚೀಟಿ, ಅದರಲ್ಲಿ ಉಬ್ಬಸದ್ದು ಹತ್ತು ಹನ್ನೆರಡು. ಒಂಬತ್ತಕ್ಕೆ ಕಿಟಕಿ ತೆರೆದರೆ ಯಾರನ್ನೂ ಕೂರಿಸಿ ಹೇಳಿಕೊಡಲು ಪುರುಸೊತ್ತಿಲ್ಲ. ಅದಕ್ಕೇ ಈ ಬೆಳಗಿನ ಸ್ಟೂಲು.

ಅತೀಯಾ ಹೊಸ ಕ್ಯಾಪ್ಸೂಲು ಹಾಕಿ, ಅದು ಒಡೆಯುವಂತೆ ಇನ್‌ಹೇಲರ್ ತಿರುಗಿಸಿ ಕೊಡುತ್ತಾರೆ. “ಉಸಿರು ಪೂರ್ತಿ ಬಿಡಿ. ಈಗ ತುಟಿ ಮುಚ್ಚಿ ಜೋರಾಗಿ ಎಳ್ಕೊಳ್ಳಿ. ತಡ್ಕೊಳ್ಳಿ, ತಡ್ಕೊಳ್ಳಿ.” ಇನ್‌ಹೇಲರ್ ಒಳಗೆ ಏನೋ ಗಿರಗಿರ ಅನ್ನುತ್ತದೆ.

ಉಸಿರು ಬಿಟ್ಟ ಚೌಡಪ್ಪನ ಮುಖ ಅರಳುತ್ತದೆ. “ಅಕ್ಕಾ, ಗಿರಣಿ ಸದ್ದು ಬತ್ತದೆ!”

“ಆ ಸದ್ದು ಬಂದ್ರೇನೇ ಪುಡಿ ಒಳೀಕೆ ಹೋಗೋದು. ಈಗ ಬಾಯಿ ಮುಕ್ಕಳ್ಸಿ ಉಗೀರಿ. ಗಿರಣೀಲಿ ಮೂಗಿಗೆ ಬಟ್ಟೆ ಕಟ್ಕೊಳ್ದೆ ನಿಂತ್ರೆ ನೋಡಿ ಮತ್ತೆ!”

ದಂಪತಿ ಬಸ್ಸಿಗೆ ಹೊರಡುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅತೀಯಾ ಸ್ಟೂಲು ಎತ್ತಿಕೊಂಡು, ಅಂಗೈ ಮಾತ್ರ ತೂರುವ ಆ ಔಷಧಿ ಕಿಟಕಿಯನ್ನು ತೋರಿಸುತ್ತಾರೆ.

“ಇದನ್ನ ಒಂದಿಷ್ಟು ದೊಡ್ಡದು ಮಾಡ್ಸಿಕೊಟ್ರೆ ಸಾಕು ಸಾರ್. ದೊಡ್ಡಾಸ್ಪತ್ರೇದು ಮುಗಿದ್ಮೇಲೆ ಹೋದ ತಿಂಗ್ಳು ಚೌಡಣ್ಣಂಗೆ ಆ ಕ್ಯಾಪ್ಸೂಲು ಕೊಟ್ಟಿದ್ದು ನಾನೇ, ಇದೇ ಕಿಟಕೀಲಿ. ಬರೀ ಕೈ ಕಾಣ್ತು, ಕೊಟ್ಬಿಟ್ಟೆ. ಉಬ್ಬಸ ಕೈಯಲ್ಲಿ ಕಾಣಲ್ಲ ಸಾರ್.”