ವಾಸಂತಿ ತಡವಾಗಿ ಹಾಡಿದ ಎಂಟು ಹಾಡು

ವಾಸಂತಿ, ನಿನ್ನ ಆಲ್ಬಮ್ ಕೆಡಿಸಿದವನು ನಾನು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಕೆಡಿಸಿದೆ.

ಇದನ್ನು ಬರೆಯುವಾಗಲೂ ನಿನ್ನ ಮೇಲೆ ಪ್ರೀತಿಯೇನೂ ಉಕ್ಕುತ್ತಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಾಡಿ ಹೆಸರು ಮಾಡಿದವಳು ನೀನು. ಮರವಂತೆಯಲ್ಲಿ ಅಮ್ಮ ಹಾಸಿಗೆ ಹಿಡಿದರೆಂದು ಊರಿಗೆ ಬಂದು, ಬೇರೆ ಗತಿಯಿಲ್ಲದೆ ಕೋಟೇಶ್ವರದ ನನ್ನ ಸ್ಟುಡಿಯೋಕ್ಕೆ ಕಾಲಿಟ್ಟೆ. ಎಂಟು ಹಳೆಯ ಇಂಗ್ಲಿಷ್ ಪ್ರೇಮಗೀತೆ, ನಿಧಾನದ ಜಾಝ್. ಒಂದು ಕೀಬೋರ್ಡು, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿನ್ನ ಸ್ವರ. ಪಕ್ಕದಲ್ಲೇ ಕೂತು ಮನಸ್ಸು ಬಿಚ್ಚಿದ ಹಾಗೆ — ಹೌದು, ಚೆನ್ನಾಗಿತ್ತು.

ಆದರೆ ಪ್ರತಿ ಸಾಲಿಗೂ ನೀನು ತಾಳ ಬಿದ್ದ ಮೇಲೆ ಬರುತ್ತಿದ್ದೆ. ಭಜನೆ ರೆಕಾರ್ಡ್ ಮಾಡುವ ನಮಗೆ ಅದು ತಪ್ಪು. ಹಿಂದುಳಿದದ್ದನ್ನು ಕಂಪ್ಯೂಟರಿನಲ್ಲಿ ಎಳೆದು ತಾಳಕ್ಕೆ ಕೂರಿಸುತ್ತೇವೆ. ತಾಳ ತಪ್ಪುತ್ತಿದೆ ಎಂದೆ. ಕೀಬೋರ್ಡಿನವನ ಎದುರು, ನನ್ನ ಹೆಂಡತಿಯ ಎದುರು ನೀನು ನಕ್ಕೆ.

"ಜಾಝಿಗೆ ತಡ ಮಾಡಿ ಬಪ್ದೇ ಚೆಂದ ರಾಘಣ್ಣ. ನಿಮ್ಮ್ ಕಿವಿಗೆ ಭಜನಿಯೇ ಸೈ."

ಇಪ್ಪತ್ತು ವರ್ಷ ಈ ಕಿವಿಯಿಂದಲೇ ಅನ್ನ ಉಂಡವನಿಗೆ — ಇರಲಿ. ನೀನು ಹೋದ ಮೇಲೆ ಎಂಟೂ ಹಾಡನ್ನು ಎಳೆದು ತಾಳಕ್ಕೆ ಕೂರಿಸಿದೆ. ನಡುಗುವ ಸ್ವರಗಳನ್ನೂ ನೆಟ್ಟಗೆ ಮಾಡಿದೆ. ಮೂಲ ರೆಕಾರ್ಡಿಂಗ್ ಅಳಿಸಿಹೋಯಿತೆಂದು ನಿನಗೆ ಸುಳ್ಳು ಹೇಳಿದೆ. ಆಲ್ಬಮ್ ಹೊರಬಂತು, ಜೀವವೇ ಇಲ್ಲ ಎಂದರು ಎಲ್ಲರೂ. ನೀನು ಫೋನ್ ಮಾಡಿದೆ.

"ನೀವ್ ಎಂತಾರೂ ಮಾಡಿದ್ರಿಯಾ? ನನ್ ಸ್ವರ ಹೀಂಗೇ ಇತ್ತಾ?"

"ಕೋಟಿಲಿಂಗನಾಣೆ, ನಾನ್ ಮುಟ್ಲಿಲ್ಲ."

ದೇವರ ಆಣೆ ಹಾಕಿದ ಮೇಲೆ ನಮ್ಮೂರಲ್ಲಿ ಯಾರೂ ಮತ್ತೆ ಕೇಳುವುದಿಲ್ಲ. ನೀನೂ ಕೇಳಲಿಲ್ಲ. ನಾನು ಮಾತ್ರ, ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ಕಂಡಕಂಡವರಿಗೆ ಹೇಳಿ ನಗಿಸಿದೆ.

ಮೊನ್ನೆ ಹೆಮ್ಮಾಡಿಯ ಮದುವೆಗೆ ಮೈಕ್ ಸೆಟ್ ನನ್ನದೇ. ಹುಡುಗಿಯರು ನಿನ್ನನ್ನು ಹಾಡಲು ಎಳೆದರು. "ನನ್ ಸ್ವರ ಮೊದಲಿಂದ್ಲೂ ಸತ್ತದ್ದೇ, ನಂಗ್ ಗೊತ್ತಿರ್ಲಿಲ್ಲ ಅಷ್ಟೆ" ಎಂದು ನೀನು ಕೈ ಬಿಡಿಸಿಕೊಂಡೆ. ಗೆದ್ದೆ ಎನಿಸಬೇಕಿತ್ತು. ಎನಿಸಲಿಲ್ಲ. ಊಟದೆಲೆ ಬಿಟ್ಟು ಎದ್ದು ಸ್ಟುಡಿಯೋಕ್ಕೆ ಬಂದೆ.

ಮೂಲ ನನ್ನ ಹತ್ತಿರ ಇದೆ. ನಾಳೆ ಬೆಳಿಗ್ಗೆ ಮರವಂತೆಗೆ ತರುತ್ತೇನೆ. ಬಾಗಿಲು ತೆರೆಯದಿದ್ದರೆ ಜಗಲಿಯಲ್ಲಿಟ್ಟು ಬರುತ್ತೇನೆ. ಕ್ಷಮೆ ಕೇಳುವುದಿಲ್ಲ, ನೀನು ಕೊಡಲೂ ಬೇಡ. ಆ ನಗುವಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಮೊದಲ ಹಾಡು ಹಾಕಿ ಕೇಳು. ನೀನು ತಡವಾಗಿಯೇ ಬರುತ್ತೀ. ಅಲ್ಲಿ ತಪ್ಪೇನೂ ಇಲ್ಲ.