ತುಂಬಿದ ಟ್ಯಾಂಕಿನ ಎನ್ಸಿಯೊ

ಅಕ್ಟೋಬರ್ ಕೊನೆಯ ಆ ದಿನ ನನ್ನ ಗಂಡ ಎನ್ಸಿಯೊ ನಾನು ಜಮಖಾನ ತೊಳೆಯುವ ಪೀಪಾಯಿಯನ್ನು ಹೇಳದೆ ಕೇಳದೆ ದೋಣಿಯ ಷೆಡ್ಡಿಗೆ ಉರುಳಿಸಿಕೊಂಡು ಹೋದ. ನೀರು ತುಂಬಿಸಿ, ದೋಣಿಯ ಹಿಂದೆ ನೇತಾಡುವ ಇಂಜಿನ್ನಿನ ಬಾಲ ಅದರಲ್ಲಿ ಮುಳುಗುವಂತೆ ಇಟ್ಟು ಓಡಿಸತೊಡಗಿದ. ನಮ್ಮ ದ್ವೀಪದ ಸುತ್ತಲಿನ ಪುರುವೇಸಿ ಸರೋವರ ಹೆಪ್ಪುಗಟ್ಟುವ ಮೊದಲು ಪ್ರತಿ ವರ್ಷ ಇದೇ ಕೆಲಸ. ಟ್ಯಾಂಕಿನ ಕಂಠದ ತನಕ ಪೆಟ್ರೋಲ್. ಅದು ಹಳಸದಂತೆ ಒಂದಿಷ್ಟು ಮದ್ದು. ಮದ್ದು ಇಂಜಿನ್ನಿನೊಳಗೆಲ್ಲ ಹರಿಯುವಷ್ಟು ಓಡಿಸುವುದು. ಕೊನೆಗೆ ಪೆಟ್ರೋಲಿನ ಪೈಪು ಕಿತ್ತು, ಒಳಗಿದ್ದದ್ದು ಉರಿದು ಇಂಜಿನ್ ತಾನಾಗಿ ನಿಲ್ಲಲು ಬಿಡುವುದು.

ಎದುರು ದಡದಿಂದ ಅವನ ತಮ್ಮ ಟಾರ್ಮೊ ಬಂದಿದ್ದ. ಬಾಯಲ್ಲಿ ಚುಟ್ಟಾ ಇದ್ದದ್ದರಿಂದ ದೂರದಲ್ಲಿ ಕಡಿದ ಮರದ ಬುಡದ ಮೇಲೆ ಕೂರಿಸಿದ್ದೆವು.

"ಅಣ್ಣ, ಖಾಲಿ ಮಾಡಿಡು. ಪೆಟ್ರೋಲೇ ಇಲ್ದಿದ್ರೆ ಕೆಡೋದೇನು?" ಎಂದು ಅಲ್ಲಿಂದಲೇ ಕೂಗಿದ.

"ಖಾಲಿ ಬಿಟ್ರೆ ಗಾಳಿ ಸೇರ್ಕೊಂಡು ಬೆವರುತ್ತೆ, ಒಳಗೆಲ್ಲ ನೀರಾಗುತ್ತೆ. ನಿನ್ನ ತಲೇಲಿ ಆಗಿರೋದೂ ಅದೇ," ಎಂದ ಎನ್ಸಿಯೊ.

ನನ್ನ ಮದುವೆಯಾದಾಗಿನಿಂದ ಪ್ರತಿ ಚಳಿಗಾಲಕ್ಕೂ ಇದೇ ಜಗಳ. ಎನ್ಸಿಯೊ ಬೇರೆ ಯಾವುದಕ್ಕೂ ಬಾಯಿ ಬಿಡುವವನಲ್ಲ. ನನ್ನನ್ನು ಮದುವೆಗೆ ಕೇಳಿದಾಗಲೂ, "ದ್ವೀಪದಲ್ಲಿ ಇಬ್ಬರಿಗೆ ಜಾಗ ಇದೆ," ಎಂದಷ್ಟೇ ಹೇಳಿ ಬಲೆ ಬಿಡಿಸುತ್ತಾ ಕೂತಿದ್ದ.

ಕತ್ತಲಾಗುತ್ತಿದೆ ಎಂದು ಇಂಜಿನ್ ಆರಿಸಿದ. "ಪೈಪು ನಾಳೆ ಕೀಳ್ತೀನಿ. ಕಾಫಿ ಇಡು."

ಮರುದಿನ ಬೆಳಿಗ್ಗೆಯೂ ಕಾಫಿ ಇಟ್ಟೆ. ಅವನು ಏಳಲಿಲ್ಲ.

ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತಾಗ ಟಾರ್ಮೊ ಬನ್ನು ಅದ್ದಿಕೊಳ್ಳುತ್ತಾ ಕೇಳಿದ. "ಅತ್ತಿಗೆ, ಟ್ಯಾಂಕು?"

"ತುಂಬಿದೆ."

"ಖಾಲಿ ಮಾಡ್ಲಾ?"

"ಬೇಡ."

"ನಾನೂ ತುಂಬಿಸೇ ಇಡೋದು," ಎಂದರು ಪಾದ್ರಿ. ಅಷ್ಟು ಸಾಕಾಯಿತು. ಮೇಜಿನ ಆ ಕಡೆಯವರೆಲ್ಲ ಖಾಲಿ, ಈ ಕಡೆಯವರೆಲ್ಲ ತುಂಬಿದ್ದು. ಅದಕ್ಕೂ ಮೊದಲು ಸತ್ತವನ ಬಗ್ಗೆ ಯಾರೂ ಇಷ್ಟು ಮಾತಾಡಿರಲಿಲ್ಲ.

ಕೊನೆಗೆ ಟಾರ್ಮೊ ಹೇಳಿದ. "ಮಂಜು ಕರಗಿದಾಗ ಇಂಜಿನ್ ಸ್ಟಾರ್ಟ್ ಆಗ್ದಿದ್ರೆ ನೀನು ದ್ವೀಪ ಬಿಟ್ಟು ನಮ್ಮನೆಗೆ ಬರ್ಬೇಕು. ಮೇಲಿನ ಕೋಣೆ ಇದೆ. ದೋಣಿ ಇಲ್ದೆ ಒಬ್ಬಳೇ ಇಲ್ಲಿ ಸಾಯ್ತೀಯಾ?"

"ಸ್ಟಾರ್ಟ್ ಆದ್ರೆ?"

"ಇರು. ನಾನು ಕೇಳಲ್ಲ."

ಒಪ್ಪಿದೆ. ಹೋಗುವ ಮನಸ್ಸಂತೂ ಇರಲಿಲ್ಲ, ಟಾರ್ಮೊನ ಹೆಂಡತಿಯ ಅಡುಗೆ ನಾನು ಉಂಡಿದ್ದೇನೆ.

ಅವರೆಲ್ಲ ಹೋದ ಮೇಲೆ ಷೆಡ್ಡಿಗೆ ಹೋಗಿ ಇಂಜಿನ್ ಎಬ್ಬಿಸಿ ಪೈಪು ಕಿತ್ತೆ. ಸ್ವಲ್ಪ ಹೊತ್ತು ಓಡಿತು. ಕೆಮ್ಮಿತು. ನಿಂತಿತು. ನಾನು ಅಲ್ಲೇ ಕೂತಿದ್ದೆ.

ಸರೋವರ ಗಟ್ಟಿಯಾದ ಮೇಲೆ ಒಂದು ದಿನ ಟಾರ್ಮೊ ಮಂಜುಗಡ್ಡೆಯ ಮೇಲೆ ನಡೆದು ಮೀನು ತಂದುಕೊಟ್ಟು, ಹೊರಟೆನೆಂದ. ಷೆಡ್ಡಿನಲ್ಲಿ ಸದ್ದಾಯಿತು. ಹೋಗಿ ನೋಡಿದರೆ ದೋಣಿಯಲ್ಲಿ ಮಂಡಿಯೂರಿದ್ದಾನೆ, ಕೆಳಗೊಂದು ಬಕೆಟ್ಟು, ಟ್ಯಾಂಕಿಗೆ ಇಳಿಬಿಟ್ಟ ರಬ್ಬರ್ ನಳಿಗೆಯ ತುದಿ ಬಾಯಲ್ಲಿ. ನನ್ನನ್ನು ಕಂಡು ಬೆಚ್ಚಿ ಒಂದು ಗುಟುಕು ನುಂಗಿಯೇಬಿಟ್ಟ.

"ಏನ್ಮಾಡ್ತಿದೀಯ?"

"ಎಷ್ಟಿದೆ ಅಂತ ನೋಡ್ತಿದ್ದೆ."

"ಬಾಯಲ್ಲಾ?"

ಆ ದಿನವೆಲ್ಲ ಚುಟ್ಟಾ ಮುಟ್ಟಲು ಬಿಡಲಿಲ್ಲ. ಊಟಕ್ಕೆ ಒಲೆಯಿಂದ ದೂರ, ಬಾಗಿಲ ಹತ್ತಿರ ಕೂರಿಸಿದೆ. "ತೇಗು ಬಂದ್ರೆ ಹೊರಗೆ ಹೋಗು," ಎಂದೆ. ಎರಡು ಸಲ ಹೋದ. ಬಕೆಟ್ಟಿಗೆ ಬಿದ್ದಿದ್ದನ್ನು ಆಮೇಲೆ ವಾಪಸ್ ಟ್ಯಾಂಕಿಗೆ ಸುರಿದೆ.

ಮೇ ತಿಂಗಳಲ್ಲಿ ದೋಣಿ ನೀರಿಗಿಳಿಸಿ ಪೈಪು ಸಿಕ್ಕಿಸಿದೆವು. ಟಾರ್ಮೊ ಇಂಜಿನ್ನಿನ ಹಗ್ಗ ಎಳೆದ. ಎಳೆದ, ಎಳೆದ, ಟೋಪಿ ತೆಗೆದು ಎಳೆದ. ಉಸಿರೇ ಇಲ್ಲ.

"ನೀರು ಸೇರಿದೆ. ಬಾಯಿ ಬಡ್ಕೊಂಡೆ, ಯಾರು ಕೇಳಿದ್ರು? ಗಂಟು ಕಟ್ಟು ಅತ್ತಿಗೆ."

ಬಗ್ಗಿ ಪೈಪು ನೋಡಿದೆ. ನಡುವೆ ಇರುವ ರಬ್ಬರ್ ಉಂಡೆ ಮೆತ್ತಗಿತ್ತು. ಅದನ್ನು ಹಿಸುಕದೆ ಪೆಟ್ರೋಲ್ ಇಂಜಿನ್ನಿಗೆ ಏರುವುದಿಲ್ಲ. ಮಾತಿನ ಭರದಲ್ಲಿ ಟಾರ್ಮೊಗೆ ಅದು ಮರೆತಿತ್ತು. ಉಂಡೆ ಗಟ್ಟಿಯಾಗುವ ತನಕ ಹಿಸುಕಿ ನಾನೇ ಎಳೆದೆ. ಹೊಗೆ ಉಗುಳಿ ಎದ್ದಿತು.

ಟಾರ್ಮೊ ಟೋಪಿ ಹಾಕಿಕೊಂಡ. "ನಾನು ಸ್ವಲ್ಪ ತೆಗ್ದಿದ್ದಕ್ಕೇ ಆಯ್ತು."

"ವಾಪಸ್ ಸುರಿದೆ."

ಅವನು ತನ್ನ ದೋಣಿಯ ಕಡೆ ತಿರುಗಿದ. "ಆದ್ರೂ ಟ್ಯಾಂಕಲ್ಲಿ ನೀರು ಇದ್ದೇ ಇರುತ್ತೆ. ಒಂದಿನ ನಡುನೀರಲ್ಲಿ ನಿಲ್ಲುತ್ತೆ. ಕೋಣೆ ಯಾರಿಗೂ ಕೊಡಲ್ಲ."

ಅದಕ್ಕೇ ಈಗ ದಿನಾ ಬೆಳಿಗ್ಗೆ ಬಲೆ ಎತ್ತಲು ಹೋಗುವ ಮುಂಚೆ ಪೆಟ್ರೋಲ್ ಸೋಸುವ ಜಾಲರಿಯ ಕೆಳಗಿನ ಗಾಜಿನ ಬಟ್ಟಲನ್ನು ತಿರುಗಿಸಿ ಬಿಚ್ಚುತ್ತೇನೆ. ಬಿಸಿಲಿಗೆ ಹಿಡಿದು ನೋಡುತ್ತೇನೆ. ನೀರಿದ್ದರೆ ತಳದಲ್ಲಿ ಮಣಿಯಂತೆ ಕೂತಿರುತ್ತದೆ. ಹೆಚ್ಚಿನ ದಿನಗಳಲ್ಲಿ ಇರುವುದಿಲ್ಲ. ಇದ್ದ ದಿನ ಏಪ್ರನ್ನಿನಲ್ಲಿ ಒರೆಸಿ ಬಟ್ಟಲು ಬಿಗಿಯುತ್ತೇನೆ, ಟಾರ್ಮೊನ ದೋಣಿ ಈ ಕಡೆ ಬರುವುದರೊಳಗೆ.