ಗಾಡಿಯಲ್ಲಿ ಬಂದ ಮನೆ, ಬಾರದ ಕೋಣೆ

ಕನ್ನಂಬಾಡಿ ಕಟ್ಟೆಯ ಹಿನ್ನೀರು ನಮ್ಮೂರಿಗೂ ಬರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ನಾನು ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ ಊರು ಸೇರಿದ್ದೆ. ಅಪ್ಪ ತೀರಿಕೊಂಡಿದ್ದ. ಮದುವೆಯಾಗಿ ಮನೆಯ ಯಜಮಾನಿಕೆ ನನ್ನ ಕೈಗೆ ಬಂದಿತ್ತು. ಸರ್ಕಾರದವರು ಊರವರಿಗೆಲ್ಲ ಎಡತೊರೆ ಕಡೆಯ ದಿಣ್ಣೆಯ ಮೇಲೆ ಸಾಲಾಗಿ ನಿವೇಶನ ಅಳೆದು ಕೊಟ್ಟರು. ಹಳೆಯ ಮನೆಗಳನ್ನು ಯಾರೂ ನೀರಿಗೆ ಬಿಡಲಿಲ್ಲ. ಮಣ್ಣಿನ ಗೋಡೆಯೊಂದನ್ನು ಬಿಟ್ಟು ಹೆಂಚು, ಜಂತೆ, ತೊಲೆ, ಕಂಬ, ಬಾಗಿಲು, ಹೊಸ್ತಿಲು, ಒರಳುಕಲ್ಲು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿದರು. ಯಾವ ಕಂಬ ಯಾವ ಮೂಲೆಯದು ಎಂದು ಮರೆಯದಂತೆ ಆಚಾರಿ ಉಳಿಯಿಂದ ಗೀಟು ಹಾಕಿಕೊಂಡು ಬಿಚ್ಚುತ್ತಿದ್ದ.

ನಮ್ಮದು ತೊಟ್ಟಿ ಮನೆ. ಅದರಲ್ಲಿ ಮೂಡಲ ಕೋಣೆ ನನ್ನ ಸೋದರತ್ತೆಯದು. ಮಿರ್ಲೆಗೆ ಕೊಟ್ಟಿದ್ದ ಅವಳು ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ಬಂದಾಗ ನನ್ನ ತಾತ ಊರವರ ಮುಂದೆ, "ಈ ಮನೆ ನಿಂತಿರೋಗಂಟ ಮೂಡ್ಲು ಕ್ವಾಣೆ ನನ್ನ ಮಗಳ್ದು, ಯಾರೂ ಕೇಳಂಗಿಲ್ಲ" ಎಂದಿದ್ದನಂತೆ. ಕಾಗದ ಪತ್ರ ಯಾವುದೂ ಇರಲಿಲ್ಲ. ಆ ಮಾತು ಊರಿಗೆಲ್ಲ ಗೊತ್ತಿತ್ತು. ನಾನು ಹುಟ್ಟಿದಾಗ ಅವ್ವನ ಬಾಣಂತನ ಮಾಡಿದವಳು ಅತ್ತೆ. ನಾನು ಮೈಸೂರಿನಲ್ಲಿ ಓದುವಾಗ ಹುರಿಹಿಟ್ಟು ಕಟ್ಟಿ ಕಳಿಸುತ್ತಿದ್ದವಳೂ ಅವಳೇ. ಮನೆಯ ಒಲೆ ಅವಳದು. ದಿನವೂ ಕೆಲಸ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಅದನ್ನೇ ಕೆದಕಿ ಊದುವಳು. ತಾತನ ಕಾಲದಿಂದ ಆ ಒಲೆ ಆರಿರಲಿಲ್ಲ.

ಹೊಸ ನಿವೇಶನ ಹಳೆಯದಕ್ಕಿಂತ ಕಿರಿದು. ಒಂದು ಕೋಣೆ ಕಡಿಮೆಯಾಗಲೇಬೇಕು ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ಮೈಸೂರಿನಲ್ಲಿ ಒಬ್ಬ ವಕೀಲರ ಮನೆಯಲ್ಲಿ ಬೀದಿಗೆ ಕಿಟಕಿ ಇರುವ ರೂಮು ನೋಡಿದ್ದೆ. ಮೇಜು, ಕುರ್ಚಿ, ಬಂದವರು ಬಾಗಿಲಲ್ಲಿ ನಿಂತು ಕಾಯುವುದು. ಅಂಥದೊಂದು ನನಗೂ ಬೇಕಾಗಿತ್ತು. ಅದನ್ನು ಬಿಟ್ಟಿದ್ದರೆ ಅತ್ತೆಯ ಕೋಣೆಗೆ ಜಾಗವಿತ್ತು.

ಪಾಯಕ್ಕೆ ದಾರ ಹಿಡಿಯುವಾಗ ಆಚಾರಿ ಕೇಳಿದ, "ಮೂಡ್ಲು ಕ್ವಾಣೆ ಯಾವ್ ಕಡೀಕೆ ಚಿಕ್ಕಗೌಡ್ರೇ?"

"ಆ ಮರ ಹುಳ ತಿಂದದೆ. ಅದಿಲ್ಲ."

"ಅತ್ತೆವ್ವಾರ್ಗೆ ಏಳಿದ್ದೀರಾ?"

"ನೀನು ದಾರ ಹಿಡಿ."

"ನಂಗೇನ್ ಬುಡಿ, ಮನೆ ನಿಮ್ದು" ಎಂದು ನಕ್ಕು ಗೂಟ ಹೊಡೆದ.

ಅವ್ವನಿಗೂ ಗೊತ್ತಾಯಿತು. ಅತ್ತಿಗೆ ನಾದಿನಿಯರಿಗೆ ಅಷ್ಟಕ್ಕಷ್ಟೆ. "ನಾನಂತೂ ಏನೂ ಏಳಿಲ್ಲಪ್ಪ, ನೀನುಂಟು ನಿಮ್ಮತ್ತೆ ಉಂಟು" ಎಂದು ಮೊರ ಹಿಡಿದು ಒಳಗೆ ಹೋದಳು.

ಅತ್ತೆ ಆ ದಿನಗಳಲ್ಲಿ ಹಳೆಯ ಊರಿನಲ್ಲೇ ಇದ್ದು ಮನೆ ಬಿಚ್ಚುವ ಆಳುಗಳಿಗೆ ಮುದ್ದೆ ಬೇಯಿಸಿ ಹಾಕುತ್ತಿದ್ದಳು. ಅವಳ ಕೋಣೆಯನ್ನು ಕಡೆಗೆ ಬಿಚ್ಚಿದೆವು. ಆ ಬಾಗಿಲು, ಆ ಕಿಟಕಿ, ಆ ಹೊನ್ನೆಯ ತೊಲೆಗಳನ್ನು ನಾನೇ ನಿಂತು ಗಾಡಿಗೆ ಹೇರಿಸಿ, ಮುಂದಾಗಿ ಕಳಿಸಿ, ನನ್ನ ರೂಮಿಗೆ ನಿಲ್ಲಿಸಿದೆ. ಒಲೆ ಬಿಚ್ಚುವ ದಿನ ಪಟೇಲರು ಬಂದು, "ಮರಮುಟ್ಟು ಅದೇಯ, ಮನೇನೂ ಅದೇಯ. ಒಸ್ದಾಗಿ ಗೃಹಪ್ರವೇಶ ಯಾರೂ ಮಾಡ್ಬೇಡಿ. ಹಳೇ ಒಲೆ ಕೆಂಡ ಒಯ್ದು ಅಚ್ಚಿ, ಸಾಕು" ಎಂದು ಎಲ್ಲ ಮನೆಗಳಿಗೂ ಹೇಳಿದ ಹಾಗೆ ನಮಗೂ ಹೇಳಿದರು. ಅತ್ತೆ ಮಡಕೆಯಲ್ಲಿ ಬೂದಿ ಹಾಸಿ, ಕೆಂಡ ತುಂಬಿ, ಮೇಲೆ ಇನ್ನಷ್ಟು ಬೂದಿ ಮುಚ್ಚಿ ಕಡೆಯ ಗಾಡಿಯ ಹಿಂದೆ ನಡೆದೇ ಬಂದಳು. ಗಾಡಿಯ ಕುಲುಕಾಟಕ್ಕೆ ಮಡಕೆ ಒಡೆದೀತೆಂದು ಹತ್ತಲಿಲ್ಲ.

ಹೊಸ ಮನೆಯ ಒಲೆಗೆ ಕೆಂಡ ಸುರಿದು, ತೆಂಗಿನ ನಾರು ಇಟ್ಟು ಊದಿದಳು. ಉರಿ ಎದ್ದಿತು. ಕಣ್ಣು ಒರೆಸಿಕೊಂಡು ಎದ್ದವಳು ತನ್ನ ಗಂಟು ತೆಗೆದುಕೊಂಡು ತೊಟ್ಟಿಯ ಸುತ್ತ ಒಂದು ಸುತ್ತು ಬಂದಳು.

"ನನ್ ಕ್ವಾಣೆ ಎಲ್ಲೋ ಮಗ?"

"ಜಾಗ ಸಾಲಲಿಲ್ಲ ಅತ್ತೆ. ಮರವೂ ಹುಳ ತಿಂದಿತ್ತು. ನೀನು ನಡುಮನೆಯಲ್ಲಿ ಮಲಗಿಕೊ."

ಅವಳು ನನ್ನ ರೂಮಿನ ಮುಂದೆ ಹೋಗಿ ನಿಂತಳು. ಬಾಗಿಲ ಚಿಲಕ ಸಡಿಲವೆಂದು ಅವಳು ಎಂದೋ ಹಳೆಯ ಸೀರೆಯ ಚೂರು ಸುತ್ತಿದ್ದಳು. ಅದನ್ನು ಬಿಚ್ಚಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ಅದನ್ನು ಮುಟ್ಟಿ ನೋಡಿದಳು.

"ಮರ ತಿಂದ ಹುಳ ಬಟ್ಟೇನ ಬುಟ್ಬುಡ್ತೇನ್ಲಾ?"

ಮರುದಿನ ಅವಳೇ ಪಟೇಲರನ್ನು ಕರೆಸಿದಳು. ಹೊಸ ಊರಿನಲ್ಲಿ ಇನ್ನೂ ಒಂದು ಮರವಿರಲಿಲ್ಲ. ಮುಂದಿನ ಮೂಕಿಮರ ಮೇಲಕ್ಕೆತ್ತಿ ನಿಲ್ಲಿಸಿದ ಗಾಡಿಗಳ ನೆರಳಿನಲ್ಲಿ ನಾಲ್ಕು ಜನ ಕೂತರು. ಪಟೇಲರು, "ನಿಮ್ ತಾತ ಕೊಟ್ಟ ಮಾತಪ್ಪ ಅದು" ಎಂದು ಶುರು ಮಾಡಿದರು. ನಾನು ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಂಡಿದ್ದೆ.

"ತಾತ ಹೇಳಿದ್ದು ಆ ಮನೆ ನಿಂತಿರುವವರೆಗೆ ಅಂತ. ಆ ಮನೆ ಈಗ ನಿಂತಿದೆಯೇ? ಹೋಗಿ ನೋಡಿ. ಇದು ಬೇರೆ ಮನೆ."

"ಪಾಯಿಂಟ್ ಆಕ್ದ ನೋಡ್ಲಾ ಇಸ್ಕೂಲ್ ಗೌಡ!" ಎಂದು ಯಾರೋ ತೊಡೆ ತಟ್ಟಿದರು. ಒಂದಿಬ್ಬರು ನಕ್ಕರು. ಆ ನಗು ನನಗೆ ಹಿತವಾಯಿತು. ಅದನ್ನೂ ಹೇಳಿಬಿಡಬೇಕು.

ಅತ್ತೆ ಗಾಡಿಯ ಚಕ್ರ ಹಿಡಿದು ನಿಂತಿದ್ದಳು. "ತೊಟ್ಟಿ ಕಂಬ ಅದೇ. ತಲೆಬಾಗಿಲು ಅದೇ. ನಿಮ್ಮಪ್ಪ ಎಡವಿ ಅಲ್ಲು ಮುರ್ಕಂಡ ಒಸ್ಲು ಅದೇ. ನೆನ್ನೆ ನಾನು ಒತ್ಕೊಂಡ್ ಬಂದಿದ್ದು ಯಾವ್ ಒಲೆ ಕೆಂಡ? ಒಸಾ ಮನೆ ಅಂದ್ರೆ ಗೃಹಪ್ರವೇಶ ಯಾಕ್ ಮಾಡ್ಲಿಲ್ಲ?"

ಪಟೇಲರು ತಲೆಯಾಡಿಸಿದರು. "ಅದು ಸರಿ ಕಣಪ್ಪ. ಕೆಂಡ ತಂದಿದ್ದು ಮನೆ ಅದೇ ಅಂತ ತಾನೇ?"

ನಕ್ಕವರು ಈಗ ನನ್ನ ಮುಖ ನೋಡುತ್ತಿದ್ದರು. ಸೋತೆ ಎಂದು ನನಗೆ ಗೊತ್ತಾಯಿತು. ಎದ್ದು ಒಳಗೆ ಹೋದೆ. ಅಡುಗೆಮನೆಯಲ್ಲಿ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಅವಳಿಗೆ ಆಗ ದಿನ ತುಂಬುತ್ತಿತ್ತು. "ಏಳು" ಎಂದೆ. ಕೊಡದ ನೀರನ್ನು ಎತ್ತಿ ಒಲೆಗೆ ಸುರಿದೆ. ಹೊಗೆಯೂ ಬೂದಿಯೂ ಮುಖಕ್ಕೆ ಹಾರಿದವು. ಹೊರಗೆ ಬಂದು, "ಒಲೆ ಆರಿಸಿದ್ದೇನೆ. ನಾಳೆ ಪುರೋಹಿತರನ್ನು ಕರೆಸಿ ಗೃಹಪ್ರವೇಶ ಮಾಡಿಸುತ್ತೇನೆ. ಈಗ ಹೇಳಿ, ಯಾವ ಮನೆ ಇದು?" ಎಂದೆ.

ಯಾರೂ ತೊಡೆ ತಟ್ಟಲಿಲ್ಲ. ಪಟೇಲರು ಹೆಗಲ ಟವಲು ಒದರಿಕೊಂಡು ಎದ್ದರು. "ಇನ್ ನಮ್ದೇನದೆ" ಎಂದಷ್ಟೇ ಹೇಳಿ ಹೊರಟರು. ಅತ್ತೆ ಒಳಗೆ ಹೋಗಿ ಒಲೆಯ ಕೆಸರನ್ನು ಬಳಿದು, ಒದ್ದೆ ಇದ್ದಿಲನ್ನು ಮೊರಕ್ಕೆ ತುಂಬಿ ಹಿತ್ತಲಿಗೆ ಚೆಲ್ಲಿ ಬಂದಳು. ಅವಳು ಆ ಮನೆಯಲ್ಲಿ ಮಾಡಿದ ಕಡೆಯ ಕೆಲಸ ಅದು.

ಗೃಹಪ್ರವೇಶ ಆಯಿತು. ಹೋಮ ನಡೆಯುವಾಗ ಅವಳು ಜಗಲಿಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಊಟ ಬೇಡವೆಂದಳು. "ಗಾಡಿ ಕಟ್ಟು ಮಗ, ಮಿರ್ಲೆಗೆ ಬುಟ್ಬುಡು" ಎಂದಳು. ಮಿರ್ಲೆಯಲ್ಲಿ ಅವಳ ಮೈದುನನ ಮನೆಯಿತ್ತು. ವಿಧವೆಯಾದ ಮೇಲೆ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿಕೊಂಡು ಬಂದಿದ್ದಳು ಅವಳು. ಏನು ಕಂಡು ಬಂದಳೋ ಯಾರಿಗೂ ಹೇಳಿರಲಿಲ್ಲ. ಇರು ಎಂದು ನಾನು ಅನ್ನಬಹುದಾಗಿತ್ತು. ಗಾಡಿ ಕಟ್ಟಿದೆ.

ದಿಣ್ಣೆ ಇಳಿದ ಮೇಲೆ ದಾರಿ ಕವಲಾಗುತ್ತದೆ. ಅಷ್ಟು ದಿನ ಮರ ಹೇರುವುದಕ್ಕೆಂದು ಓಡಾಡಿದ್ದ ಎತ್ತುಗಳು ಹಳೆಯ ಊರಿನ ಕಡೆಗೆ ತಾವಾಗಿ ತಿರುಗಿದವು. ನಾನು ಹಗ್ಗ ಜಗ್ಗಿ ಬಾರುಕೋಲು ಎತ್ತಿದೆ.

"ಒಡೀಬ್ಯಾಡ ಕಣ್ಲಾ" ಎಂದಳು ಅತ್ತೆ. "ಮನೆ ಇನ್ನೂ ಅಲ್ಲೇ ಅದೆ ಅಂದ್ಕಂಡವೆ ಅವು."

ಮಿರ್ಲೆ ತಲುಪಿದಾಗ ಅವಳ ವಾರಗಿತ್ತಿ ಹಟ್ಟಿಯ ಮುಂದೆ ಸಗಣಿ ಬಾಚುತ್ತಿದ್ದಳು. ಬಾ ಎನ್ನಲಿಲ್ಲ. "ಈಗ ನ್ಯಾಪ್ಕ ಆಯ್ತಾ ಗಂಡನ್ ಮನೆ?" ಎಂದಳು. ಅತ್ತೆ ಗಂಟನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವಳ ಕೈಯಿಂದ ಸಗಣಿಯ ಮಂಕರಿ ತೆಗೆದುಕೊಂಡಳು. ನಾನು ಗಾಡಿ ತಿರುಗಿಸುವಾಗ ತಿಪ್ಪೆಯ ಹತ್ತಿರದಿಂದ ಕೂಗಿದಳು.

"ಲೇ ಮಗ! ನಿನ್ನೆಂಡ್ತಿ ಇನ್ನೂ ಎಣ್ಣು ಮಗು, ಎದ್ರುಕೋತಾಳೆ. ನೋವು ಕಾಣಿಸ್ಕಂಡ್ರೆ ಯೋಳ್ಕಳ್ಸು, ಬತ್ತೀನಿ."

ಆಗಲಿ ಎಂದು ತಲೆಯಾಡಿಸಿದೆ. ನನ್ನ ಹೆಂಡತಿಗೆ ನೋವು ಕಾಣಿಸಿಕೊಂಡಾಗ ಅವಳು ಕರೆದದ್ದು ಅತ್ತೆಯನ್ನೇ. ಮಿರ್ಲೆಗೆ ಹೋಗಿ ಬರಲು ಆಳು ಸಿದ್ಧನಾಗಿ ನಿಂತಿದ್ದ. ಅತ್ತೆ ಬಂದರೆ ಅವಳನ್ನು ಎಲ್ಲಿ ಮಲಗಿಸಬೇಕು ಎಂದು ಯೋಚಿಸಿದೆ. ಆಳಿಗೆ, "ಬೇಡ ಬಿಡು, ಭೇರ್ಯದಿಂದ ಸೂಲಗಿತ್ತಿಯನ್ನು ಕರೆದುಕೊಂಡು ಬಾ" ಎಂದೆ. ಮಗ ನನ್ನ ರೂಮಿನಲ್ಲಿ ಹುಟ್ಟಿದ. ಅತ್ತೆಗೆ ಹೇಳಿ ಕಳಿಸಲಿಲ್ಲ. ಆಮೇಲೆ ಹೇಳುವುದಕ್ಕೆ ಮುಖವಿರಲಿಲ್ಲ. ಅವಳು ಮಿರ್ಲೆಯ ಆ ಕೊಟ್ಟಿಗೆಯಲ್ಲೇ ತೀರಿಕೊಂಡಳು ಎಂಬುದು ನನಗೆ ಸಂತೆಯಲ್ಲಿ, ಬೇರೆಯವರ ಬಾಯಿಂದ ತಿಳಿಯಿತು.